ಉಳುವ ಎತ್ತುಗಳ ಚಿತ್ರ: ಮೂಲವೋ, ಅಚ್ಚೋ?

ತಾತನ ಮನೆಯ ಗೋಡೆಯಲ್ಲಿರುವ ಎತ್ತುಗಳ ಚಿತ್ರ ಮೂಲವೋ, ಅಚ್ಚೋ ಅಂತ ಕೇಳಿದ್ದೀರಿ. ಅದು ಬಹುಮಟ್ಟಿಗೆ ಅಚ್ಚು ಹಾಕಿದ ಪ್ರತಿ. ನೀವು ಹೇಳಿದ ಆರಾರು ಎತ್ತುಗಳ ಎರಡು ಸಾಲು, ಮುಂದೆ ಆಗಷ್ಟೇ ಮಗುಚಿದ ಹೆಂಟೆಗಳು, ರೋಸಾ ಬೋನರ್ ಸಹಿ, 1849ನೇ ಇಸವಿ ಎಲ್ಲ ಆ ಫ್ರೆಂಚ್ ಚಿತ್ರಕಾರ್ತಿಯ ‘ನಿವರ್ನೇಯಲ್ಲಿ ಉಳುಮೆ’ಗೆ ಹೊಂದುತ್ತವೆ. ಮೂಲಚಿತ್ರ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ, ಅಗಲವೇ ಸುಮಾರು 2.6 ಮೀಟರ್. ನಿಮ್ಮದು ಎರಡಡಿ. ಸಹಿ ಇದೆಯಲ್ಲ ಅಂತೀರಿ, ಚಿತ್ರದ ಜೊತೆ ಅದೂ ಅಚ್ಚಾಗಿರುತ್ತದೆ.

ಮೊದಲು ಗೋಡೆಯಿಂದ ಇಳಿಸಿ ಹಿಂಬದಿ ನೋಡಿ: ಬಟ್ಟೆಯೋ, ಕಾಗದವೋ, ರಟ್ಟೋ? ಮುಟ್ಟಿ ನೋಡಿ ತೀರ್ಮಾನಿಸಬೇಡಿ. ಹಳೇ ಓಲಿಯೋಗ್ರಾಫ್‌ಗಳಿಗೆ (ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚುಗಳಿಗೆ) ಕ್ಯಾನ್ವಾಸಿನ ನೇಯ್ಗೆಯಂತೆ ಒತ್ತಿ ಮೇಲೆ ವಾರ್ನಿಶ್ ಬಳಿಯುತ್ತಿದ್ದರು. ನಾನೂ ಹಾಗೇ ಒಮ್ಮೆ ಏಮಾರಿದ್ದೇನೆ.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು, ನಡುವೆ ನಮ್ಮತ್ತ ನೋಡುವ ಬಿಳಿ ಎತ್ತಿನ ಕಣ್ಣಿನ ಸುತ್ತ ಹುಡುಕಿ. ಹೂವಿನಂತೆ ಕ್ರಮವಾಗಿ ಜೋಡಿಸಿದ ಚುಕ್ಕೆ ಕಂಡರೆ ಇತ್ತೀಚಿನ ಆಫ್‌ಸೆಟ್ ಯಂತ್ರದ ಅಚ್ಚು, ಚೌಕಟ್ಟಿನ ಬೆಲೆಯಷ್ಟೇ. ಅಡ್ಡಾದಿಡ್ಡಿ ಕಾಳುಕಾಳಾದ ಬಣ್ಣ ಇದ್ದರೆ ಕಲ್ಲಚ್ಚು, ಹಳೆಯದಿರಬಹುದು. ಚುಕ್ಕೆಯೇ ಇಲ್ಲದೆ ಕುಂಚದ ಗೆರೆ ಕಂಡರೆ ಯಾರೋ ಕೈಯಲ್ಲಿ ಬರೆದ ನಕಲು ಇರಬಹುದು. ಆದರೆ ಕೆಲವು ಅಚ್ಚುಗಳ ಮೇಲೆ ಅಲ್ಲಲ್ಲಿ ಬಣ್ಣ ಬಳಿದಿರುವುದೂ ಉಂಟು, ಹಾಗಾಗಿ ನಾಲ್ಕೈದು ಜಾಗ ನೋಡಿ.

ಫೋಟೋ ಇಲ್ಲದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಹಿಂಬದಿಯದೊಂದು, ಎತ್ತಿನ ಕಣ್ಣಿನದೊಂದು ಹತ್ತಿರದಿಂದ ತೆಗೆದು ಹಾಕಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ವಾರ್ನಿಶ್ ಬಿರುಕಿದ್ದರೆ ನೀರು ಒಳಗಿಳಿದು ಕಾಗದ ಉಬ್ಬುತ್ತದೆ.