ಬೀಪ್ ಎನ್ನುವ ಕಂಪ್ಯೂಟರ್, ಒದ್ದೆಯಾದ ಫೋನ್

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ, ಕಡಲಿಗೆ ಹತ್ತಿರ. ಮಳೆಗಾಲವಿಡೀ ಮುಚ್ಚಿಟ್ಟಿದ್ದ ಡೆಸ್ಕ್‌ಟಾಪ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಫಲಕ) ಹೋಯಿತೇ?

ಉತ್ತರ: ಅಷ್ಟು ಬೇಗ ಮದರ್‌ಬೋರ್ಡಿಗೆ ಎಳ್ಳುನೀರು ಬಿಡಬೇಡಿ. ಉಪ್ಪುಗಾಳಿ, ತೇವ ಸೇರಿ, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಬಿಲ್ಲೆಯಾದ ರ್‍ಯಾಮ್‌ನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕಿಲುಬಿನ ತೆಳು ಪದರ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹೋಗಲಾಡಿಸಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ರ್‍ಯಾಮ್ ತುದಿಯ ಕ್ಲಿಪ್ ಸಡಿಲಿಸಿ ನೆಟ್ಟಗೆ ಮೇಲಕ್ಕೆತ್ತಿ. ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ (ಬೇಗ ಆರುವ ಶುಚಿಗೊಳಿಸುವ ದ್ರವ) ತಾಗಿಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಕಲೆ ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಬಹುದು; ಆದರೆ ಪುಡಿ ಸ್ಲಾಟಿಗೆ (ರ್‍ಯಾಮ್ ಕೂರುವ ಸಂದಿಗೆ) ಬಿದ್ದರೆ ಹೊಸ ತಲೆನೋವು. ಸ್ಲಾಟಿಗೆ ಒಣ ಬ್ರಷ್ ಸಾಕು. ರ್‍ಯಾಮ್ ಅಂಚಿನ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ, ‘ಟಕ್’ ಎನ್ನುವವರೆಗೆ ಒತ್ತಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಚಾಲೂ ಆದ ಮೇಲೆ ಗಡಿಯಾರ ಹಳೆಯ ದಿನಾಂಕ ತೋರಿಸಿದರೆ ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಸಿಆರ್2032 ಬಟನ್ ಸೆಲ್ ಬದಲಿಸಿ.

ಮುಂದಿನ ಮಳೆಗಾಲದಲ್ಲಿ ಮುಚ್ಚಿಡಬೇಡಿ. ದಿನಕ್ಕೆ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ.

ಪ್ರಶ್ನೆ: ಮಳೆಗೆ ನೆನೆದ ಫೋನ್, ಚಾರ್ಜರ್ ಹಾಕಿದರೆ ತೇವಾಂಶದ ಎಚ್ಚರಿಕೆ ಕೊಡುತ್ತದೆ. ಅಕ್ಕಿ ಡಬ್ಬದಲ್ಲಿಡಲೇ?

ಉತ್ತರ: ಬೇಡ, ಕುಚ್ಚಲಕ್ಕಿ ಗಂಜಿಗಿರಲಿ. ಅದರ ಧೂಳು ಚಾರ್ಜಿಂಗ್ ಪೋರ್ಟಿನೊಳಗೆ ಸೇರುತ್ತದೆ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ, ಫ್ಯಾನ್ ಗಾಳಿಗೆ ಕೆಲವು ಗಂಟೆ ಇಡಿ. ಹೇರ್ ಡ್ರೈಯರ್ ಬೇಡ. ಎಚ್ಚರಿಕೆ ಲೆಕ್ಕಿಸದೆ ಚಾರ್ಜ್ ಮಾಡಿದರೆ ಪಿನ್‌ಗಳು ಕಿಲುಬು ಹಿಡಿಯುತ್ತವೆ.