ಮೂರನೇ ಪುಟದಿಂದ ಶುರು ಮಾಡಿ

ಪ್ರಿಯರೇ, ನಮಸ್ಕಾರ.

ಬದಿಯಡ್ಕದಿಂದ ನೀವು ಕಳಿಸಿದ ‘ಬಿಟ್ಟಿ ಭಾಗ್ಯ, ಸೋಮಾರಿ ಸಮಾಜ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಮುಗಿಸಲೂ ಮನಸ್ಸಾಗಲಿಲ್ಲ. ಏಳು ಪುಟದ ಲೇಖನದ ಮೂರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದೊಂದನ್ನು ನೀವು ಕಣ್ಣಾರೆ ಕಂಡು ಬರೆದಿದ್ದೀರಿ. ಅದಕ್ಕಾಗಿಯೇ ಇಷ್ಟುದ್ದದ ಉತ್ತರ.

ನಿಮ್ಮ ವಾದ ಇಷ್ಟು: ಸರ್ಕಾರ ಎಲ್ಲವನ್ನೂ ಉಚಿತವಾಗಿ ಕೊಡುತ್ತಿದೆ, ಅದರಿಂದ ಬಡವರು ದುಡಿಯುವುದನ್ನು ಬಿಟ್ಟಿದ್ದಾರೆ, ಹಾಗಾಗಿ ಬಡತನ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುತ್ತಿದೆ. ಯೋಜನೆಗಳನ್ನು ಅರ್ಧಕ್ಕೆ ಇಳಿಸಿ ಆ ದುಡ್ಡನ್ನು ಉದ್ಯೋಗ ತರಬೇತಿಗೆ ಹಾಕಬೇಕು. ಇದಕ್ಕೆ ನೀವು ಕೊಟ್ಟ ಉದಾಹರಣೆಗಳು ಗೃಹಲಕ್ಷ್ಮಿಯ 2,000 ರೂಪಾಯಿ ಮತ್ತು ಮಹಿಳೆಯರ ಉಚಿತ ಬಸ್ಸು.

ಮಾರಾಯ್ರೇ, ಅವೆರಡೂ 2023ರಲ್ಲಿ ಶುರುವಾದದ್ದು ಕೇರಳದ ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ. ನಿಮ್ಮ ನೆರೆಕರೆಯ ಒಬ್ಬರಿಗೂ ಗೃಹಲಕ್ಷ್ಮಿಯ ಒಂದು ಪೈಸೆ ಬರುವುದಿಲ್ಲ. ನಾವು ಕಾಸರಗೋಡಿನ ಕನ್ನಡಿಗರು ನೋಡುವ ಟಿವಿ ಬೆಂಗಳೂರಿನದು, ನಮ್ಮ ರೇಶನ್ ಕಾರ್ಡು ತಿರುವನಂತಪುರದ್ದು. ಬಡತನದ ಬಗ್ಗೆ ಬರೆಯುವಾಗ ರೇಶನ್ ಕಾರ್ಡಿನ ಕಡೆ ನಿಲ್ಲಬೇಕು. ಕರ್ನಾಟಕದ ಯೋಜನೆಗಳ ಬಗ್ಗೆ ಬರೆಯಲು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಜಿಲ್ಲೆಯ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಯಾರು? ನೀವೇ ಬರೆಯಬೇಕು.

ಈಗ ಮೂರನೇ ಪುಟಕ್ಕೆ ಬರೋಣ. ನಿಮ್ಮದೇ ಸಾಲುಗಳು: ‘ಅಡಿಕೆ ಸುಲಿದು ಸುಲಿದು ಅವರ ಬೆರಳಿನ ಗೆರೆ ಸವೆದಿತ್ತು. ಅಕ್ಷಯ ಕೇಂದ್ರದ ಮೆಷಿನು ಹಿಡಿಯಲಿಲ್ಲ. ಮಸ್ಟರಿಂಗ್ ಆಗದೆ ವಿಧವಾ ಪಿಂಚಣಿ ನಿಂತಿತು.’ ಸರ್ಕಾರಿ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಿ, ಬದುಕಿದ್ದೇನೆ ಎಂದು ಬೆರಳಚ್ಚು ಕೊಟ್ಟು ತೋರಿಸುವುದೇ ಈ ಮಸ್ಟರಿಂಗ್. ಇದನ್ನು ಓದಿ ನಾನು ಪುಟ ತಿರುಗಿಸದೆ ಕೂತೆ. ಮುಂದಿನ ಸಾಲಿನಲ್ಲೇ ಸಿಂಗಾಪುರದ ಮಾತು ಬಂತು. ತುಂಬ ಬೇಸರವಾಯಿತು.

ಆ ಹೆಂಗಸು ನಿಮ್ಮ ಲೇಖನದ ವಾದವನ್ನೇ ಅಲ್ಲಗಳೆಯುತ್ತಾರೆ, ಅಲ್ವಾ? ಕೆಲಸ ಮಾಡದೆ ಕೂತವರ ಬೆರಳು ಸವೆಯುವುದಿಲ್ಲ. ಪಿಂಚಣಿ ನಿಂತದ್ದಕ್ಕೆ ಕಾರಣವೇ ಅವರ ದುಡಿಮೆ. ಆ ಮೂರು ಸಾಲು ಬರೆದ ಕೈ ಅದೇ ಲೇಖನಕ್ಕೆ ‘ಸೋಮಾರಿ ಸಮಾಜ’ ಎಂಬ ತಲೆಬರಹ ಕೊಡಬಾರದಿತ್ತು. ಇದನ್ನು ಮುಚ್ಚಿಟ್ಟು ಹೇಳಲಾರೆ: ನಿಮ್ಮ ಅಭಿಪ್ರಾಯ ಮೊದಲೇ ತಯಾರಾಗಿತ್ತು, ಆಮೇಲೆ ಈ ಅಮ್ಮನನ್ನು ಅದರೊಳಗೆ ತುರುಕಿದ್ದೀರಿ.

ಅವರ ಹತ್ತಿರ ಮತ್ತೆ ಹೋಗಿ. ಪಿಂಚಣಿ ಎಷ್ಟು ತಿಂಗಳು ನಿಂತಿತ್ತು? ಯಾರು ಏನು ಹೇಳಿದರು? ಬೆರಳಚ್ಚು ಹಿಡಿಯದವರು ಪಂಚಾಯತಿಗೆ ಲೈಫ್ ಸರ್ಟಿಫಿಕೇಟ್ ಕೊಟ್ಟರೆ ಸಾಕು ಎಂಬ ದಾರಿ ಇದೆ. ಅದನ್ನು ಅವರಿಗೆ ಯಾರಾದರೂ ತಿಳಿಸಿದರಾ? ಅಕ್ಷಯಕ್ಕೆ ಹೋದ ದಿನದ ಕೂಲಿ ಹೋಯಿತಾ? 60 ತುಂಬದ ವಿಧವೆಯರು ಮರುಮದುವೆ ಆಗಿಲ್ಲ ಎಂದು ವರ್ಷ ವರ್ಷ ಸರ್ಟಿಫಿಕೇಟು ತಂದು ಕೊಡಬೇಕು. ಗಂಡನನ್ನು ಕಳೆದುಕೊಂಡವಳು ಪ್ರತಿ ವರ್ಷ ಆಫೀಸಿನ ಎದುರು ನಿಂತು ‘ನಾನಿನ್ನೂ ಒಂಟಿ’ ಎಂದು ಬರೆಸಿಕೊಳ್ಳಬೇಕು. ಅದರ ಬಗ್ಗೆ ಅವರಿಗೆ ಏನನಿಸುತ್ತದೆ ಎಂದು ಕೇಳಿ. ತಿಂಗಳಿಗೆ 1,600 ಇದ್ದ ಪಿಂಚಣಿ 2025ರ ನವೆಂಬರಿನಿಂದ 2,000 ಆಗಿದೆ. ದಿನಕ್ಕೆ 70 ರೂಪಾಯಿ ಕೂಡ ಬೀಳುವುದಿಲ್ಲ. ಇಷ್ಟನ್ನು ನಂಬಿ ಯಾರು ಕತ್ತಿ ಕೆಳಗಿಟ್ಟು ಮನೆಯಲ್ಲಿ ಕೂರುತ್ತಾರೆ, ನೀವೇ ಲೆಕ್ಕ ಹಾಕಿ.

ಫಾರ್ಮಿನ ಭಾಷೆಯನ್ನೂ ಕೇಳಿ. ಮಲಯಾಳ ಓದಲು ಬಾರದ ಎಷ್ಟೋ ಅಮ್ಮಂದಿರು ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಸಹಿ ಹಾಕಿ ಬರುತ್ತಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ನಾವು ಭಾಷೆಯ ಹಕ್ಕನ್ನು ವೇದಿಕೆಯಲ್ಲಿ ಮಾತನಾಡುತ್ತೇವೆ. ಅದು ಹೆಚ್ಚು ಬೇಕಾಗಿರುವುದು ಪಿಂಚಣಿಯ ಅರ್ಜಿಯಲ್ಲಿ.

ನಿಮ್ಮ ನಾಲ್ಕನೇ ಪುಟದಲ್ಲಿ ‘ಅನರ್ಹರು ಸವಲತ್ತು ನುಂಗುತ್ತಿದ್ದಾರೆ’ ಎಂದಿದೆ. ನಿಜವೇ. ಆದರೆ ಯಾರು? 2024ರ ನವೆಂಬರಿನಲ್ಲಿ ಕೇರಳದ ಹಣಕಾಸು ಇಲಾಖೆ ಪರಿಶೀಲಿಸಿದಾಗ 1,458 ಸರ್ಕಾರಿ ನೌಕರರು ಬಡವರ ಪಿಂಚಣಿ ಪಡೆಯುತ್ತಿದ್ದದ್ದು ಗೊತ್ತಾಯಿತು. ಅವರಲ್ಲಿ ಕಾಲೇಜು ಮೇಷ್ಟ್ರುಗಳೂ ಇದ್ದರು. ಸುಧಾರಣೆ ಬೇಕು ಎಂಬ ನಿಮ್ಮ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗಲಿಕ್ಕಿಲ್ಲ. ನೀವು ಇದನ್ನು ಬಿಟ್ಟು ಊರಿನ ಕೂಲಿಯವರ ಕಡೆ ಬೆರಳು ತೋರಿಸಿದ್ದೀರಿ.

ನಿಯಮಗಳನ್ನೇ ಹಿಡಿದು ನೋಡಿದರೂ ಬರೆಯಲು ಬೇಕಾದಷ್ಟಿದೆ. ಕ್ಷೇಮ ಪಿಂಚಣಿ ಸಿಗಬೇಕಾದರೆ ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷ ದಾಟಬಾರದು. ದಿನಕ್ಕೆ 800 ರೂಪಾಯಿ ಕೂಲಿ ಹಿಡಿದರೆ ತಿಂಗಳಿಗೆ 11 ದಿನ ಕೆಲಸಕ್ಕೆ ಹೋದವರು ಮಿತಿ ದಾಟಿದ ಹಾಗೆಯೇ. ಆದರೆ ರೇಶನಿನ ಆದ್ಯತಾ ಕಾರ್ಡಿಗೆ ಮಿತಿ ತಿಂಗಳಿಗೆ 25,000, ಅಂದರೆ ವರ್ಷಕ್ಕೆ 3 ಲಕ್ಷ. ಅದೇ ಮನೆ, ಅದೇ ಒಲೆ. ಒಂದು ಆಫೀಸಿನಲ್ಲಿ ಬಡವರು, ಇನ್ನೊಂದರಲ್ಲಿ ಅಲ್ಲ. ಇದರಿಂದ ಏನಾಗುತ್ತದೆ? ದುಡಿದದ್ದನ್ನು ಮುಚ್ಚಿಡುವ ಅಭ್ಯಾಸ ಆಗುತ್ತದೆ. ಮಗನಿಗೆ ಚೂರು ಒಳ್ಳೆಯ ಕೆಲಸ ಸಿಕ್ಕಿತು ಎಂದು ಸಂತೋಷಪಡುವ ಮೊದಲು ತಾಯಿ ತನ್ನ ಪಿಂಚಣಿ ಹೋದೀತಾ ಎಂದು ಹೆದರಬೇಕು. ಜನ ದುಡಿಯಲಿ ಎಂಬುದು ನಿಮ್ಮ ಆಸೆ ಅಲ್ವಾ? ಹಾಗಾದರೆ ದುಡಿದ ಮರುದಿನವೇ ಸವಲತ್ತು ಕಿತ್ತುಕೊಳ್ಳಬೇಡಿ, ಒಂದೆರಡು ವರ್ಷ ಸಮಯ ಕೊಡಿ ಎಂದು ಬರೆಯಿರಿ. ಆ ವಾದವನ್ನು ನಾನು ಸಂತೋಷದಿಂದ ಅಚ್ಚು ಹಾಕುತ್ತೇನೆ.

ಇನ್ನು ತಲೆಮಾರಿನ ಮಾತು. ಲೇಖನದ ಜೀವ ಇರಬೇಕಾದದ್ದು ಇಲ್ಲೇ, ನೀವು ಅದನ್ನು ಎರಡು ವಾಕ್ಯದಲ್ಲಿ ದಾಟಿಸಿದ್ದೀರಿ. ‘ತಾಯಿ ಕೂಲಿ, ಅಜ್ಜಿಯೂ ಕೂಲಿ’ ಎಂದಿದ್ದೀರಿ. ಯಾಕೆ ಎಂದು ಕೇಳಿಲ್ಲ. ಉತ್ತರ ನಿಮ್ಮೂರಿನ ಜಾಗದ ಕಾಗದದಲ್ಲಿದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು. ಗೇಣಿಗೆ ಬೇಸಾಯ ಮಾಡುತ್ತಿದ್ದವರು ಆ ಭೂಮಿಗೆ ಒಡೆಯರಾದರು. ದೊಡ್ಡ ಕೆಲಸ ಅದು, ಅದರಿಂದ ಎಷ್ಟೋ ಕುಟುಂಬ ಬದುಕಿಕೊಂಡವು. ಆದರೆ ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿ ಕೂಲಿ ಮಾಡುತ್ತಿದ್ದವರಿಗೆ ಸಿಕ್ಕಿದ್ದು ಕುಡಿಕಿಡಪ್ಪಿನ ಜಾಗ. ಪಂಚಾಯತು ಪ್ರದೇಶದಲ್ಲಿ ಅದು ಹೆಚ್ಚೆಂದರೆ 10 ಸೆಂಟ್ಸ್. ಹೀಗೆ ಮನೆಯಡಿ ಮಾತ್ರ ಪಡೆದವರಲ್ಲಿ ದಲಿತರು ಜಾಸ್ತಿ. ತೋಟ ಸಿಕ್ಕಿದವರು ಅಡಿಕೆ ಮಾರಿ ಮಕ್ಕಳನ್ನು ಮಂಗಳೂರಿನಲ್ಲಿ ಓದಿಸಿದರು. 10 ಸೆಂಟ್ಸ್ ಸಿಕ್ಕಿದವರು ಅದನ್ನು ಮೂರು ಮಕ್ಕಳಿಗೆ ಪಾಲು ಮಾಡಿದರು. ಅದೇ ತೋಟಕ್ಕೆ ಅವರ ಮಗಳು ಅಡಿಕೆ ಸುಲಿಯಲು ಹೋಗುತ್ತಾಳೆ. ಈ ಕುಟುಂಬಕ್ಕೆ ಆಮೇಲೆ ರೇಶನ್ ಬಂತು, ಪಿಂಚಣಿ ಬಂತು, ಕೇರಳದ ವಸತಿ ಯೋಜನೆಯಾದ ಲೈಫ್‌ನಲ್ಲಿ ಮನೆಗೆ 4 ಲಕ್ಷವೂ ಬಂದಿರಬಹುದು. ಇವು ಹಸಿವನ್ನು ತಡೆದವು, ಮಳೆಯನ್ನು ತಡೆದವು. ಮುಂದಿನ ತಲೆಮಾರು ಹತ್ತಿ ಹೋಗಲು ಬೇಕಾದ ಆಸ್ತಿಯನ್ನು ಮಾತ್ರ ಯಾವ ಯೋಜನೆಯೂ ಕೊಡಲಿಲ್ಲ.

ಆ ಅಮ್ಮನ ತಾಯಿಗೆ ಏನು ಸಿಕ್ಕಿತು, ಅವರಿಗೆ ಏನು ಸಿಕ್ಕಿತು, ಪ್ಲಸ್ ಟೂ ಮುಗಿಸಿ ಕುಂಬಳೆಯ ಬಟ್ಟೆ ಅಂಗಡಿಗೆ ಸೇರಿದ ಮಗಳಿಗೆ ಏನು ಸಿಗಲಿಲ್ಲ ಎಂದು ವಿಚಾರಿಸಿ. ಆ ಹುಡುಗಿ ಯಾಕೆ ಓದು ಬಿಟ್ಟಳು? ಫೀಸಾ, ಬಸ್ಸಾ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾ? ಅವಳು ನಿಮ್ಮ ಲೇಖನದಲ್ಲಿ ಅರ್ಧ ಸಾಲು ಮಾತ್ರ ಇದ್ದಾಳೆ.

ಕಾಯಿಲೆ ಎಂದಾಗ ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಾಗದೆ ಇರುವುದಿಲ್ಲ. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲದ್ದು ನನಗೆ ಆಶ್ಚರ್ಯ. ಸರ್ಕಾರಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ಕೋರ್ಟು ಮತ್ತೆ ಗದರಿಸುವಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ, ಅದೂ ಕೋರ್ಟಿಗೆ ಹೋದವರಿಗೆ. ಮಲಗಿದಲ್ಲೇ ಇರುವ ಮಗುವನ್ನು ನೋಡಿಕೊಳ್ಳುವ ತಾಯಿ ಕೆಲಸಕ್ಕೆ ಹೋಗುವ ಹಾಗಿಲ್ಲ. ಆರೈಕೆ ಮಾಡುವವರಿಗೆಂದು ಇರುವ ಆಶ್ವಾಸಕಿರಣಂ ಸಹಾಯ ತಿಂಗಳಿಗೆ 600 ರೂಪಾಯಿ. ಒಂದು ದಿನದ ಕೂಲಿಯೂ ಅಲ್ಲ. ಸರ್ಕಾರವೇ ತಂದ ಬಡತನ ಇದು, ಇದಕ್ಕೆ ಸೋಮಾರಿತನದ ವಿವರಣೆ ಕೊಟ್ಟರೆ ಎಣ್ಮಕಜೆಯ ಒಬ್ಬ ಓದುಗರೂ ನಿಮ್ಮನ್ನು ಕ್ಷಮಿಸುವುದಿಲ್ಲ.

ತರಬೇತಿಯ ಬಗ್ಗೆ ಎರಡು ಮಾತು. ಸುಮ್ನೆ ತರಬೇತಿ ಕೊಟ್ಟು ಕಳಿಸಿದರೆ ಸಾಲದು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಒಂದು ಕ್ರಮ ಶುರು ಮಾಡಿತು: ಕಡುಬಡವರಿಗೆ ಹಸುವೋ ಆಡೋ ಕೊಡುವುದು, ಅದು ಆದಾಯ ತರುವವರೆಗೆ ಊಟಕ್ಕೆ ಹಣ ಕೊಡುವುದು, ಸುಮಾರು ಎರಡು ವರ್ಷ ಮನೆಗೆ ಹೋಗಿ ಜೊತೆ ನಿಲ್ಲುವುದು. ಭಾರತವೂ ಸೇರಿ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ಹೆಚ್ಚಿನ ಕಡೆ ಜನರ ಆದಾಯ ಏರಿತು. ಹೊಂಡುರಾಸಿನಲ್ಲಿ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು, ಅಲ್ಲಿ ಕೈಕೊಟ್ಟಿತು. ಅಂದರೆ ಉಚಿತವಾಗಿ ಕೊಡುವುದೂ ತರಬೇತಿಯೂ ಒಟ್ಟಿಗೆ ಇರಬೇಕು. ಒಂದನ್ನು ಕಡಿದು ಇನ್ನೊಂದಕ್ಕೆ ಹಾಕಿ ಎಂಬ ನಿಮ್ಮ ಸಲಹೆ ಇಲ್ಲಿ ನಿಲ್ಲುವುದಿಲ್ಲ.

ಕೇರಳವೂ 2021ರಿಂದ ಇದಕ್ಕೆ ಹತ್ತಿರದ ಕೆಲಸ ಮಾಡಿತು. 64,006 ಕುಟುಂಬಗಳನ್ನು ಗುರುತಿಸಿ ಒಂದೊಂದಕ್ಕೂ ಬೇರೆ ಬೇರೆ ಯೋಜನೆ ಹಾಕಿತು. 2025ರ ನವೆಂಬರ್ 1ರಂದು ರಾಜ್ಯ ಅತಿ ದಾರಿದ್ರ್ಯ ಮುಕ್ತ ಎಂದು ಘೋಷಣೆಯಾಯಿತು. ಲೆಕ್ಕ ಹಿಡಿದ ರೀತಿಯ ಬಗ್ಗೆ ಕೆಲವು ಅರ್ಥಶಾಸ್ತ್ರಜ್ಞರು ಪ್ರಶ್ನೆ ಎತ್ತಿದ್ದಾರೆ. ನೀವು ಪರ ವಿರೋಧದ ಗಲಾಟೆಗೆ ಇಳಿಯಬೇಡಿ. ನಿಮ್ಮ ವಾರ್ಡಿನಲ್ಲಿ ಪಟ್ಟಿಗೆ ಯಾರು ಬಂದರು, ಬರಬೇಕಾದವರು ಯಾರು ಬಿಟ್ಟುಹೋದರು, ಕೊರಗರ ಮನೆಗಳಿಗೆ ಯಾರಾದರೂ ಹೋಗಿದ್ದರಾ ಎಂದು ನೋಡಿ ಬನ್ನಿ. ಕುಟುಂಬಶ್ರೀಯ ಅಯಲ್ಕೂಟದಲ್ಲಿ, ಅಂದರೆ ನೆರೆಕರೆಯ ಹೆಂಗಸರ ಗುಂಪಿನಲ್ಲಿ ಕೇಳಿ, ಆಶಾ ಕಾರ್ಯಕರ್ತೆಯರನ್ನು ಕೇಳಿ. ಅವರಿಗೆ ಮನೆ ಮನೆಯ ಸಂಗತಿ ಗೊತ್ತಿರುತ್ತದೆ.

ನಿಮ್ಮ ವಾಕ್ಯಗಳು ಚೆನ್ನಾಗಿವೆ, ಕಣ್ಣು ಚುರುಕಾಗಿದೆ. ಮೊದಲ ಎರಡು ಪುಟ, ಸಿಂಗಾಪುರ, ‘ಇಂದಿನ ದಿನಗಳಲ್ಲಿ’ ಎಂದು ಶುರುವಾಗುವ ಪ್ಯಾರಾಗಳು ಎಲ್ಲ ಹೋಗಲಿ. ಬೆರಳಿನ ಸಾಲಿನಿಂದಲೇ ಶುರು ಮಾಡಿ. 1,500 ಪದ ದಾಟಬೇಡಿ. ಯೋಜನೆಗಳು ನಿಲ್ಲಬೇಕು ಎಂದೇ ಆಮೇಲೂ ಅನಿಸಿದರೆ ಹಾಗೆಯೇ ಬರೆಯಿರಿ, ಆದರೆ ಆ ಅಮ್ಮನ ಎದುರು ಕೂತು ಹೇಳಬಹುದಾದ ಮಾತಿನಲ್ಲಿ ಬರೆಯಿರಿ.

ಅವರ ಹೆಸರು, ಮನೆಯ ಗುರುತು ಹಾಕಬೇಡಿ. ಈಗಿನ ಪ್ರತಿಯಲ್ಲಿ ಎರಡನ್ನೂ ಹಾಕಿದ್ದೀರಿ, ಅದು ಸರಿಯಲ್ಲ. ಬರೆದಾದ ಮೇಲೆ ಅವರ ಪ್ಯಾರಾಗಳನ್ನು ಅವರಿಗೇ ಓದಿ ಹೇಳಿ. ಬೇಡ ಎಂದದ್ದನ್ನು ತೆಗೆಯಿರಿ. ಅವರ ಪಿಂಚಣಿ ಇನ್ನೂ ನಿಂತೇ ಇದ್ದರೆ ಲೇಖನಕ್ಕೂ ಮೊದಲು ಲೈಫ್ ಸರ್ಟಿಫಿಕೇಟಿನ ಕೆಲಸಕ್ಕೆ ಅವರ ಜೊತೆ ಪಂಚಾಯತಿಗೆ ಹೋಗಿ. ಲೇಖನ ಒಂದು ತಿಂಗಳು ತಡವಾದರೂ ನಾನು ಕಾಯುತ್ತೇನೆ.

ಇಂತಿ,
ಸಂಪಾದಕ