ಬೆಕ್ಕನ್ನು ಕೊಟ್ಟುಬಿಡುವ ಮೊದಲು ಪರೀಕ್ಷೆ ಮಾಡಿಸಿ

ಬೆಕ್ಕಿನ ಮರಿ ಮನೆಗೆ ಬಂದು ಎರಡು ತಿಂಗಳಾಯಿತು, ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ಕಣ್ಣು ತುರಿಕೆ, ದಿನವೂ ಸೆಟ್ರಿಜಿನ್ ಎಂಬ ಅಲರ್ಜಿ ಮಾತ್ರೆ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಲೇ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ನಾನೂ ಇದೇ ಚಿಂತೆಯಲ್ಲಿ ಅಲರ್ಜಿ ಪರೀಕ್ಷೆಗೆ ಹೋದವನು. ಮೊದಲ ಸಲ ಬರಿಗೈಯಲ್ಲಿ ವಾಪಸಾದವನು ಕೂಡ.

ಚರ್ಮದ ಪರೀಕ್ಷೆಯಲ್ಲಿ ಮುಂಗೈ ಒಳಭಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಅಲರ್ಜಿ ತರಬಹುದಾದ ಒಂದೊಂದು ವಸ್ತುವಿನ ಹನಿ ಬಿಟ್ಟು, ಆ ಹನಿಯ ಮೇಲೆಯೇ ಪುಟ್ಟ ಮೊನೆಯಿಂದ ಚುಚ್ಚುತ್ತಾರೆ. ನೋವು ಇರುವೆ ಕಚ್ಚಿದಷ್ಟೂ ಇಲ್ಲ. ಕಷ್ಟವೆಂದರೆ ಆಮೇಲಿನ 15–20 ನಿಮಿಷ ಕೆರೆದುಕೊಳ್ಳದೆ ಕೂರುವುದು. ಹನಿಗಳಲ್ಲಿ ಒಂದು ಬರೀ ಉಪ್ಪುನೀರು, ಅದು ಊದಬಾರದು. ಇನ್ನೊಂದು ಹಿಸ್ಟಮೀನ್, ಅಂದರೆ ಅಲರ್ಜಿಯಾದಾಗ ದೇಹವೇ ಬಿಡುವ, ತುರಿಕೆ–ಊತ ತರುವ ವಸ್ತು; ಅದು ಎಲ್ಲರಿಗೂ ಊದಲೇಬೇಕು. ನನಗೆ ಅದೇ ಊದಲಿಲ್ಲ! ಹಿಂದಿನ ರಾತ್ರಿ ಹಿಸ್ಟಮೀನನ್ನು ತಡೆಯುವ ನೆಗಡಿ ಮಾತ್ರೆ ನುಂಗಿದ್ದೆ. ಅಲ್ಲಿಗೆ ಉಳಿದ ಹನಿಗಳಿಗೂ ಅರ್ಥವಿಲ್ಲದಂತಾಯಿತು.

ಆದ್ದರಿಂದ ನಿಮ್ಮ ಸೆಟ್ರಿಜಿನ್ ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಬೇಕು. ಎಷ್ಟು ದಿನ ಎಂಬುದನ್ನು ಪರೀಕ್ಷೆ ಮಾಡುವವರನ್ನೇ ಕೇಳಿ. ಕೆಮ್ಮು–ನೆಗಡಿಯ ಸಿರಪ್‌, ಖಿನ್ನತೆಯ ಕೆಲವು ಮಾತ್ರೆಗಳು ಕೂಡ ಫಲಿತಾಂಶ ಕೆಡಿಸುತ್ತವೆ. ಆದರೆ ಖಿನ್ನತೆಯ ಮಾತ್ರೆಯನ್ನಾಗಲಿ ಆಸ್ತಮಾದ ಇನ್ಹೇಲರನ್ನಾಗಲಿ ಸ್ವಂತ ತೀರ್ಮಾನದಿಂದ ಬಿಡಬೇಡಿ. ಮಾತ್ರೆ ನಿಲ್ಲಿಸಲು ಆಗದವರಿಗೆ, ಕೈತುಂಬ ಇಸುಬು ಇರುವವರಿಗೆ ರಕ್ತಪರೀಕ್ಷೆ ಇದೆ. ಅಲ್ಲಿ ಒಟ್ಟು ಐಜಿಇ (ಅಲರ್ಜಿಗೆ ಕಾರಣವಾಗುವ, ರಕ್ತದಲ್ಲಿನ ಪ್ರತಿಕಾಯ) ನೋಡಿದರೆ ಸಾಲದು, ಬೆಕ್ಕಿನದೇ ನಿರ್ದಿಷ್ಟ ಐಜಿಇ ನೋಡಬೇಕು.

ಬೆಕ್ಕೊಂದನ್ನೇ ಪರೀಕ್ಷಿಸಿ ಎನ್ನಬೇಡಿ. ಎರಡನೆಯ ಸಲ ನನ್ನ ಕೈಯಲ್ಲಿ ಬೆಕ್ಕಿನ ಹನಿ ಕಂಡೂ ಕಾಣದಷ್ಟು ಊದಿತ್ತು, ಧೂಳಿನ ನುಸಿಯ ಹನಿ ಮಾತ್ರ ಸೊಳ್ಳೆ ಕಚ್ಚಿದ ಹಾಗೆ ಕೆಂಪಗೆ ಎದ್ದು ನಿಂತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಆ ನುಸಿ ಇರುವುದು ಹಾಸಿಗೆ, ದಿಂಬಿನಲ್ಲಿ. ಬೆಳಗ್ಗೆ ಎದ್ದ ಕೂಡಲೇ ಸೀನು ಎಂದಿರಲ್ಲ, ನನಗೆ ಅನುಮಾನ ಅಲ್ಲೇ. ಮರಿ ನಿಮ್ಮ ಹಾಸಿಗೆಯಲ್ಲೇ ಮಲಗುತ್ತದೆಯೇ? ಹಾಗಿದ್ದರೆ ಎರಡೂ ಇರಬಹುದು.

ಉಪ್ಪುನೀರಿನ ಗುಳ್ಳೆಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಅಗಲ ಊದಿದರೆ ಪಾಸಿಟಿವ್ ಎನ್ನುತ್ತಾರೆ. ಪಾಸಿಟಿವ್ ಬಂದೂ ಏನೂ ತೊಂದರೆ ಇಲ್ಲದೆ ಬೆಕ್ಕಿನೊಂದಿಗೆ ಬದುಕುವವರಿದ್ದಾರೆ. ಹಾಗಾಗಿ ಯಾವಾಗ, ಯಾವ ಕೋಣೆಯಲ್ಲಿ ಸೀನು ಬಂತೆಂದು ಎರಡು ವಾರ ಬರೆದಿಟ್ಟು ಆ ಚೀಟಿಯನ್ನೂ ಒಯ್ಯಿರಿ.

ಬೆಕ್ಕಿನ ರೋಮ ಕತ್ತರಿಸಿ ಎನ್ನುವವರಿದ್ದಾರೆ. ತಪ್ಪು ರೋಮದ್ದಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳ ಪ್ರೋಟೀನು ಚರ್ಮದಿಂದ ಉದುರುವ ಹೊಟ್ಟಿಗೆ ಅಂಟಿ ಗಾಳಿಯಲ್ಲಿ ತೇಲುತ್ತದೆ. ನಾಯಿ ಸಾಕುವವರಿಗೆ ಒಂದು ಮಾತು: ನಾಯಿಯ ಅಲರ್ಜಿಕಾರಕಗಳಲ್ಲಿ ಒಂದು ಗಂಡುನಾಯಿಯ ಪ್ರೋಸ್ಟೇಟ್ ಗ್ರಂಥಿಯಲ್ಲಿ ಹುಟ್ಟುತ್ತದೆ. ಅದಕ್ಕೆ ಮಾತ್ರ ಅಲರ್ಜಿ ಇರುವವರಿಗೆ ಹೆಣ್ಣುನಾಯಿ ಒಗ್ಗಬಹುದು. ಇದನ್ನು ಬಿಡಿಸಿ ಹೇಳುವ ರಕ್ತಪರೀಕ್ಷೆಯೂ ಇದೆ.

ಬೆಕ್ಕನ್ನು ಒಂದು ವಾರ ಬೇರೆಡೆ ಬಿಟ್ಟು ನೋಡಿ ಎಂದು ಕೆಲವರು ಕೊಡುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಅದು ಹೋದ ಮೇಲೂ ಸೋಫಾ, ಪರದೆಗಳಲ್ಲಿ ಅದರ ಅಂಶ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಸೀನು ನಿಲ್ಲುವುದಿಲ್ಲ, ಮರಿ ಮಾತ್ರ ಕಂಗಾಲಾಗುತ್ತದೆ. ಅಂದ ಹಾಗೆ, ಉಸಿರಾಡುವಾಗ ಎದೆಯಲ್ಲಿ ಸುಯ್ ಎನ್ನುತ್ತಿದ್ದರೆ ಈ ಚೀಟಿ ಬರೆಯುವ ಎರಡು ವಾರ ಕಾಯಬೇಡಿ, ನಾಳೆಯೇ ವೈದ್ಯರನ್ನು ನೋಡಿ.